ಬ್ಯಾಳಿ ಬೇಯದಿದ್ದರೆ ಮೊದಲು ಮಾಳಿಗೆ ಹತ್ತಿ: ಕಲಬುರಗಿ ಮನೆಗಳಲ್ಲಿ ನೀರಿನ ದೋಷ ಹುಡುಕುವ ಬಗೆ

"ಅಕ್ಕೋರ, ಬ್ಯಾಳಿ ಬೇಯವಲ್ದು ನೋಡ್ರಿ. ಆರು ಸೀಟಿ ಹೊಡಿಸೀನಿ, ಇನ್ನಾ ಕಾಳು ಕಾಳೇ ಅದ" ಎನ್ನುತ್ತ ಎದುರು ಮನೆಯ ವೈನಿ ಕುಕ್ಕರ್ ಹಿಡಿದುಕೊಂಡೇ ನಮ್ಮ ಬಾಗಿಲಿಗೆ ಬಂದರು. ಮುಚ್ಚಳ ತೆಗೆದು ನೋಡಿದೆ. ಮೇಲೆ ನೀರು ಬೇರೆ, ಕೆಳಗೆ ಬ್ಯಾಳಿ ಬೇರೆ. ಒಂದು ಬ್ಯಾಳಿಯನ್ನು ಎರಡು ಬೆರಳ ನಡುವೆ ಒತ್ತಿದರೆ ಹೊರಗೆ ಮೆತ್ತಗೆ, ನಡುವೆ ಸಣ್ಣ ಹರಳಿನಂಥ ಗಟ್ಟಿ.

ಗಂಜಿನಿಂದ, ಅಂದರೆ ಕಾಳುಕಡಿಯ ಮಾರುಕಟ್ಟೆಯಿಂದ, ತಂದ ಬ್ಯಾಳಿಯೇ ಹಳೆಯದು ಎಂಬುದು ವೈನಿಯ ಅನುಮಾನ. ನಳದ ನೀರೇ ಕೆಟ್ಟಿದೆ ಎಂದು ಅವರ ಯಜಮಾನರ ವಾದ. ಮಗ ಆಗಲೇ ದೊಡ್ಡ ಆರ್‌ಒ ಯಂತ್ರದ ಬೆಲೆ ಕೇಳಿಕೊಂಡು ಬಂದಿದ್ದ. ದೋಷ ಇದ್ದದ್ದು ಈ ಮೂರರಲ್ಲಿ ಎಲ್ಲೂ ಅಲ್ಲ. ಮಾಳಿಗೆಯ ಮೇಲೆ ಎರಡು ಟಾಕಿಗಳ ನಡುವಿನ ಒಂದು ವಾಲ್ವಿನಲ್ಲಿತ್ತು. ಅದನ್ನು ಕಂಡುಹಿಡಿಯಲು ಎರಡು ದಿನ ಹಿಡಿಯಿತು. ಖರ್ಚು ಅಂದರೆ ನೀರಿನಲ್ಲಿ ಕರಗಿದ ಲವಣದ ಅಂದಾಜು ಕೊಡುವ ಒಂದು ಟಿಡಿಎಸ್ ಮೀಟರ್, ಸೂಕ್ಷ್ಮಾಣು ಪರೀಕ್ಷೆಯ ಒಂದು ಬಾಟಲಿ, ಒಂದು ನಿಂಬೆಹಣ್ಣು, ಒಂದು ಬಟ್ಟೆ ಸೋಪು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಆ ಮನೆಯ ನಂತರ ಓಣಿಯ ಇನ್ನಷ್ಟು ಮನೆಗಳಲ್ಲಿ ಇದೇ ಕ್ರಮದಲ್ಲಿ ನೋಡಿದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಒಂದೇ ಮನೆ, ಎರಡು ನೀರು

ಕಲಬುರಗಿಯ ನಳಕ್ಕೆ ಬರುವುದು ಮುಖ್ಯವಾಗಿ ಮೇಲ್ಮೈ ನೀರು: ಸರಡಗಿಯ ಕಡೆಯಿಂದ ಭೀಮಾ ನದಿಯದು, ಇನ್ನೊಂದು ಕಡೆಯಿಂದ ಬೆಣ್ಣೆತೊರೆ ಜಲಾಶಯದ್ದು. ಬೋರಿನ ನೀರಿನ ಕಥೆಯೇ ಬೇರೆ. ಊರು ಕುಳಿತಿರುವುದು ಕರಿಕಲ್ಲಿನ ಮೇಲೆ. ದಕ್ಷಿಣಕ್ಕೂ ಪೂರ್ವಕ್ಕೂ ಹೋದರೆ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂವರೆಗೆ ಸುಣ್ಣದ ಕಲ್ಲು. ಸಿಮೆಂಟ್ ಕಾರ್ಖಾನೆಗಳು ಅಲ್ಲೇ ಯಾಕೆ ಬಂದವು ಎಂಬುದಕ್ಕೂ ಅದೇ ಕಾರಣ. ಮಳೆ ನೀರು ಎರೆಮಣ್ಣಿನಲ್ಲಿ ಇಳಿದು ಇಂಥ ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಕರಗಿಸಿಕೊಳ್ಳುತ್ತದೆ. ನಾವು ಸವಳು ನೀರು ಅನ್ನುವುದು, ಪುಸ್ತಕದಲ್ಲಿ ಗಡಸು ನೀರು ಅನ್ನುವುದು ಇದನ್ನೇ. ಉಪ್ಪು ರುಚಿ ಇದ್ದರೆ ಕ್ಲೋರೈಡೂ ಜೊತೆಗಿದೆ ಎಂದರ್ಥ. ಅದು ಬೇರೆ ಲೆಕ್ಕ.

ನಮ್ಮ ಓಣಿಯಲ್ಲಿ ನಳ ದಿನಾ ಬರುವುದಿಲ್ಲ. ಹಾಗಾಗಿ ಬಹುತೇಕ ಮನೆಗಳಲ್ಲಿ ನಳದ ನೀರಿಗೆ ನೆಲದೊಳಗೆ ಒಂದು ಸಂಪು, ಬಳಕೆಗೆ ಒಂದು ಬೋರ್, ಮೇಲೆ ಒಂದೋ ಎರಡೋ ಟಾಕಿ. ಇವುಗಳ ನಡುವೆ ಪೈಪು ಹೇಗೆ ಓಡಿದೆ ಎಂದು ಮನೆ ಕಟ್ಟಿಸಿದವರಿಗೇ ನೆನಪಿರುವುದಿಲ್ಲ. ಅದಕ್ಕೇ "ನಳದ ನೀರು ಕೆಟ್ಟಿದೆ" ಎಂದು ಯಾರಾದರೂ ಹೇಳಿದರೆ ನಾನು ಮೊದಲು ಕೇಳುವುದು, ಯಾವ ನಳ? ರಸ್ತೆ ಪೈಪಿನದೋ, ಅಡುಗೆಮನೆಯದೋ? ಈ ಎರಡರ ನಡುವೆ ಎಲ್ಲಿ ನೀರು ಬದಲಾಯಿತು ಎಂದು ಗೊತ್ತಾಗುವವರೆಗೆ ಒಂದು ರೂಪಾಯಿಯ ಯಂತ್ರವನ್ನೂ ತರಬಾರದು.

ಮೊದಲು ರೋಗದ ಪ್ರಶ್ನೆ

ಗಡಸುತನ ನೋಡುವ ಮುಂಚೆ ಒಂದು ಕೆಲಸ. ನಳ ಬಂದ ಮೊದಲ ಐದು ನಿಮಿಷದ ನೀರನ್ನು ಬಿಳಿ ಬಕೆಟ್ಟಿನಲ್ಲಿ ಹಿಡಿದು ನೋಡಿ, ಮೂಸಿ. ಗಟಾರದ ವಾಸನೆ, ಬೂದು ಬಣ್ಣ, ತೇಲುವ ಎಳೆ ಇದ್ದರೆ ಈ ಬರಹದ ಉಳಿದ ಭಾಗವನ್ನು ಬದಿಗಿಡಿ. ಆ ನೀರನ್ನು ಸಂಪಿಗೆ ಬಿಡಬೇಡಿ, ಅಕ್ಕಪಕ್ಕದ ಮನೆಗಳಿಗೆ ಹೇಳಿ, ನಗರಪಾಲಿಕೆಗೆ ದೂರು ಕೊಡಿ, ಕುಡಿಯುವ ನೀರನ್ನು ಕುದಿಸಿ. ಗಡಸು ನೀರಿನಿಂದ ಬ್ಯಾಳಿ ಬೇಯುವುದಿಲ್ಲ, ಗೀಸರ್ ಸುಡುತ್ತದೆ. ಗಟಾರ ಸೇರಿದ ನೀರಿನಿಂದ ಮಕ್ಕಳಿಗೆ ವಾಂತಿಭೇದಿ, ಕಾಮಾಲೆ, ಟೈಫಾಯ್ಡ್ ಬರುತ್ತದೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಮೊದಲ ನೀರೇ ಯಾಕೆ ಕೆಡುತ್ತದೆ? ನಳ ನಿಂತಾಗ ಪೈಪಿನಲ್ಲಿ ಒತ್ತಡ ಇರುವುದಿಲ್ಲ. ಎಲ್ಲಾದರೂ ಬಿರುಕಿದ್ದರೆ ಸುತ್ತಲಿನ ಕೊಳೆ ಒಳಗೆ ಇಳಿಯುತ್ತದೆ. ನಳ ಬಂದಾಗ ಅದೆಲ್ಲ ಮೊದಲ ಮನೆಗಳಿಗೆ ಹೋಗುತ್ತದೆ. ನಳದ ಪೈಪಿಗೆ ನೇರ ಮೋಟಾರ್ ಹಚ್ಚಿ ಎಳೆಯುವವರು ಇದನ್ನು ಇನ್ನೂ ಕೆಡಿಸುತ್ತಾರೆ. ಮೋಟಾರ್ ಪೈಪಿನೊಳಗೆ ಹೀರು ಒತ್ತಡ ಹುಟ್ಟಿಸುತ್ತದೆ, ಬಿರುಕಿನಿಂದ ಗಟಾರವೇ ಒಳಗೆ ಬರುತ್ತದೆ. ಪಕ್ಕದ ಮನೆಗೆ ನೀರಿಲ್ಲ, ಮೋಟಾರ್ ಹಚ್ಚಿದವರಿಗೆ ಒಳ್ಳೆಯ ನೀರಿಲ್ಲ. ಇದನ್ನು ನಾನು ಓಣಿಯಲ್ಲಿ ಕೈ ಮುಗಿದು ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ನಮ್ಮೂರಿನ ಕೆಲವು ವಾರ್ಡುಗಳಲ್ಲಿ 24 ಗಂಟೆ ನೀರಿನ ಪ್ರಯೋಗ ಮೊದಲೇ ನಡೆದಿದೆ. ಅದರ ದೊಡ್ಡ ಲಾಭ ನೀರು ಯಾವಾಗಲೂ ಸಿಗುತ್ತದೆ ಎಂಬುದಷ್ಟೇ ಅಲ್ಲ, ಪೈಪಿನಲ್ಲಿ ಯಾವಾಗಲೂ ಒತ್ತಡ ಇರುವುದರಿಂದ ಹೊರಗಿನ ಕೊಳೆ ಒಳಗೆ ಬರುವುದಿಲ್ಲ.

ವಾಸನೆ ಇಲ್ಲದಿದ್ದರೂ ಅನುಮಾನ ಇದ್ದರೆ ನೀರಿನಲ್ಲಿ ಮಲದ ಸೂಕ್ಷ್ಮಾಣು ಇದೆಯೇ ಎಂದು ನೋಡುವ ಎಚ್‌ಟೂಎಸ್ ಬಾಟಲಿ ತನ್ನಿ. ಗೆರೆಯವರೆಗೆ ನೀರು ತುಂಬಿಸಿ, ಮುಚ್ಚಿ, ಒಂದೆರಡು ದಿನ ಬೆಚ್ಚಗಿಡಬೇಕು. ಕಲಬುರಗಿಯ ಬೇಸಿಗೆಯಲ್ಲಿ ಅಡುಗೆಮನೆಯ ಅಟ್ಟವೇ ಸಾಕು. ನೀರು ಕಪ್ಪಾದರೆ ಮಲದ ಸೂಕ್ಷ್ಮಾಣು ಸೇರಿರುವ ಸಂಭವ ಬಲವಾಗಿದೆ. ಬಾಟಲಿಯ ಒಳಗೆ ಬೆರಳು ಮುಟ್ಟಿಸಬೇಡಿ, ಇಲ್ಲದಿದ್ದರೆ ನಿಮ್ಮ ಕೈಯನ್ನೇ ಪರೀಕ್ಷೆ ಮಾಡಿದಂತಾಗುತ್ತದೆ.

ವೈನಿ ಮನೆಯಲ್ಲಿ ಈ ಬಾಟಲಿ ಕಪ್ಪಾಗಲಿಲ್ಲ. ಮುಂದೆ ಹೋದೆವು.

ನಾಲ್ಕು ಬಾಟಲಿ

ನಾಲ್ಕು ಖಾಲಿ ನೀರಿನ ಬಾಟಲಿ, ನಾಲ್ಕು ಚೀಟಿ. ರಸ್ತೆ ಪೈಪಿನ ನೀರು ಸಂಪಿಗೆ ಬೀಳುವ ಮೊದಲೇ ಹಿಡಿದದ್ದು ಒಂದು, ನಳ ಬಂದ ಮೊದಲ ಹತ್ತು ನಿಮಿಷ ಬಿಟ್ಟು. ಸಂಪಿನಿಂದ ಒಂದು. ಬೋರ್ ಐದು ನಿಮಿಷ ಓಡಿಸಿ ಅದರ ಬಾಯಿಂದಲೇ ಒಂದು. ಕೊನೆಯದು ಅಡುಗೆಮನೆ ನಳದ್ದು. ಪ್ರತಿ ಬಾಟಲಿಯನ್ನೂ ಅದೇ ನೀರಿನಿಂದ ಮೂರು ಸಲ ಕಲಕಿ ಚೆಲ್ಲಿ ಆಮೇಲೆ ತುಂಬಿಸಿ. ಚೀಟಿ ಹಚ್ಚುವುದನ್ನು ಮರೆತು, ಎಲ್ಲ ಒಂದೇ ಥರ ಕಾಣುವ ನಾಲ್ಕು ಬಾಟಲಿ ಮುಂದೆ ನಿಂತು ಜಗಳ ಆಡಿದ ಮನೆಯನ್ನೂ ನೋಡಿದ್ದೇನೆ. ಐದನೆಯದಾಗಿ ಹೋಲಿಕೆಗೆ ಒಂದು ಬಾಟಲಿ ಮಳೆ ನೀರು ಅಥವಾ ಆರ್‌ಒ ನೀರು ಇರಲಿ.

ಸೋಪಿನ ಪರೀಕ್ಷೆ ಹೀಗೆ. ಬಟ್ಟೆ ತೊಳೆಯುವ ಸಾದಾ ಸೋಪಿನ ಚೂರನ್ನು ಮಳೆ ನೀರಿನಲ್ಲಿ ಕರಗಿಸಿ. ಪುಡಿ, ಶಾಂಪೂ ಬೇಡ. ಡಿಟರ್ಜೆಂಟ್ ಗಡಸು ನೀರಿನಲ್ಲೂ ನೊರೆ ಕೊಡುವಂತೆ ಮಾಡಿದ್ದು, ಪರೀಕ್ಷೆ ಸುಳ್ಳಾಗುತ್ತದೆ. ಪ್ರತಿ ನೀರಿನಿಂದ ಅರ್ಧ ಲೋಟ ಸಣ್ಣ ಬಾಟಲಿಗೆ ಹಾಕಿ ಸೋಪಿನ ನೀರನ್ನು ಹನಿ ಹನಿಯಾಗಿ ಬಿಡುತ್ತ ಕುಲುಕಿ. ನೊರೆ ಒಂದು ನಿಮಿಷ ನಿಲ್ಲುವಷ್ಟಾಗಲು ಎಷ್ಟು ಹನಿ ಬೇಕಾಯಿತು ಎಂದು ಎಣಿಸಿ. ಮಳೆ ನೀರು ಕೆಲವೇ ಹನಿಗೆ ನೊರೆಯುತ್ತದೆ. ಬೋರಿನ ನೀರಿನಲ್ಲಿ ನೊರೆ ಬರುವ ಬದಲು ಮೊಸರು ಒಡೆದಂಥ ಬಿಳಿ ಚೂರು ತೇಲುತ್ತವೆ. ಬಕೆಟ್ಟಿನ ಅಂಚಿಗೆ ಅಂಟುವ ಜಿಡ್ಡು ಅದೇ.

ವೈನಿಯ ನಾಲ್ಕು ಬಾಟಲಿಗಳಲ್ಲಿ ರಸ್ತೆ ಪೈಪಿನ ನೀರು, ಸಂಪಿನ ನೀರು ಹೆಚ್ಚುಕಡಿಮೆ ಒಂದೇ ಲೆಕ್ಕಕ್ಕೆ ನೊರೆದವು. ಅಡುಗೆಮನೆಯ ನೀರು ಮಾತ್ರ ಬೋರಿನ ಕಡೆ ವಾಲಿತು. ಅಂದರೆ ನೀರು ಬದಲಾದದ್ದು ಸಂಪು ಮತ್ತು ಅಡುಗೆಮನೆಯ ನಡುವೆ.

ಬ್ಯಾಳಿಯ ಮೇಲಿನ ಆರೋಪವನ್ನೂ ಬಗೆಹರಿಸಿದೆವು. ಒಂದೇ ಚೀಲದ ಬ್ಯಾಳಿ, ಎರಡು ಸಣ್ಣ ಡಬ್ಬಿ, ಒಂದೇ ಕುಕ್ಕರ್. ಒಂದು ಡಬ್ಬಿಗೆ ಆರ್‌ಒ ನೀರು, ಇನ್ನೊಂದಕ್ಕೆ ಅಡುಗೆಮನೆ ನಳದ್ದು. ನಾಲ್ಕು ಸೀಟಿಗೆ ಒಂದು ಹಿಟ್ಟಾಗಿತ್ತು, ಇನ್ನೊಂದು ಕಾಳಾಗೇ ಇತ್ತು. ಕಾರಣ ಇಷ್ಟೇ: ಬ್ಯಾಳಿಯ ಕಣಗಳನ್ನು ಅಂಟಿನಂತೆ ಹಿಡಿದಿಡುವ ಪೆಕ್ಟಿನ್‌ಗೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಕಟ್ಟಿಕೊಂಡರೆ ಅದು ಕರಗುವುದಿಲ್ಲ. ಚಿಟಿಕೆ ಸೋಡಾ ಹಾಕಿದರೆ ಬ್ಯಾಳಿ ಬೇಯುವುದು ನಿಜ, ಆದರೆ ರುಚಿಯೂ ಹೋಗುತ್ತದೆ, ದೋಷವೂ ಮುಚ್ಚಿಹೋಗುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ತೊಗರಿಗೆ ಆ ಅವಮಾನ ಬೇಡ. ಎರಡೂ ಡಬ್ಬಿಯಲ್ಲಿ ಬೇಯದಿದ್ದರೆ ಮಾತ್ರ ಬ್ಯಾಳಿ ಹಳೆಯದು, ಅಂಗಡಿಯವರಿಗೆ ಹೇಳಿ.

ನಿಂಬೆಹಣ್ಣು ಏನು ಹೇಳುತ್ತದೆ

ಗಡಸುತನದಲ್ಲಿ ಎರಡು ಬಗೆ. ಕುದಿಸಿದರೆ ಹೋಗುವುದು ತಾತ್ಕಾಲಿಕ, ಅದು ಬೈಕಾರ್ಬೊನೇಟಿನದು. ಸಲ್ಫೇಟ್, ಕ್ಲೋರೈಡಿನದು ಕುದಿಸಿದರೂ ಹೋಗದು, ಅದಕ್ಕೇ ಶಾಶ್ವತ ಅನ್ನುತ್ತಾರೆ. ನಿಮ್ಮದು ಯಾವುದು ಎಂದು ತಿಳಿಯಲು ಹೀಟರ್ ರಾಡಿನಿಂದ ಬಿಳಿ ಹೊಪ್ಪಳಿಕೆಯ ಒಂದು ಚೂರು ಕೆರೆದು ಚಮಚದಲ್ಲಿಟ್ಟು ನಿಂಬೆರಸ ಹಿಂಡಿ. ಬೆಳಕಿಗೆ ಹಿಡಿದು ನೋಡಿದರೆ ಚೂರಿನ ಅಂಚಿನಿಂದ ಸಣ್ಣ ಗುಳ್ಳೆ ಸಾಲಾಗಿ ಏಳುತ್ತವೆ. ನಮ್ಮ ಶಹಾಬಾದ ಫರಸಿಯ ಮೇಲೆ ನಿಂಬೆರಸ ಬಿದ್ದರೆ ಹೊಳಪು ಹೋಗಿ ಕಲೆ ನಿಲ್ಲುತ್ತದಲ್ಲ, ಅಲ್ಲಿ ನಡೆಯುವುದೂ ಇದೇ. ಎರಡೂ ಸುಣ್ಣದ ಕಲ್ಲೇ. ಗುಳ್ಳೆ ಜೋರಾಗಿ ಬಂದರೆ ತಾತ್ಕಾಲಿಕ ಗಡಸುತನ ಚೆನ್ನಾಗಿಯೇ ಇದೆ. ಗೀಸರ್ ಹಾಳು ಮಾಡುವುದು ಮುಖ್ಯವಾಗಿ ಅದೇ.

ಇನ್ನೂ ಖಚಿತ ಬೇಕಾದರೆ ನೀರನ್ನು ಹತ್ತು ನಿಮಿಷ ಕುದಿಸಿ, ಆರಿಸಿ, ತೆಳು ಬಟ್ಟೆಯಲ್ಲಿ ಸೋಸಿ ಸೋಪಿನ ಹನಿ ಮತ್ತೆ ಎಣಿಸಿ. ಎಷ್ಟು ಹನಿ ಕಡಿಮೆಯಾಯಿತೋ ಅಷ್ಟು ತಾತ್ಕಾಲಿಕ.

ಅಂಕಿಯೇ ಬೇಕೆನ್ನುವವರು ಗಡಸುತನದ ಕಿಟ್ ತರಬಹುದು. ಅಳತೆಯ ನೀರಿಗೆ ಬಣ್ಣದ ಪುಡಿ ಹಾಕಿದರೆ ದ್ರಾಕ್ಷಿ ಕೆಂಪಾಗುತ್ತದೆ. ಹನಿ ಬಿಡುತ್ತ ಹೋದಂತೆ ನೇರಳೆ, ಕೊನೆಗೆ ಒಂದೇ ಹನಿಗೆ ನೀಲಿ. ನೇರಳೆಯ ನೆರಳು ಪೂರ್ತಿ ಹೋಗುವವರೆಗೆ ನಿಲ್ಲಿಸಬೇಡಿ. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. 500 ಅಂದರೆ ಎಷ್ಟು ಎಂದು ಕಣ್ಣಿಗೆ ಕಾಣಬೇಕೇ? 20 ಲೀಟರಿನ ಒಂದು ಬಕೆಟ್ಟಿನಲ್ಲಿ 10 ಗ್ರಾಂ ಸುಣ್ಣದ ಕಲ್ಲಿನ ಪುಡಿ ಕರಗಿದಷ್ಟು.

ಮೀಟರಿನ ಸರಿಯಾದ ಬಳಕೆ

ಟಿಡಿಎಸ್ ಮೀಟರ್ ಹೆಸರಿನಲ್ಲಿ ನಡೆಯುವ ಮೋಸ ಬಹಳ. ಮನೆಗೆ ಬಂದು ಮೀಟರ್ ಅದ್ದಿ, ಅಂಕಿ ತೋರಿಸಿ, "ನೋಡ್ರಿ ವಿಷ ಕುಡಿಲಿಕತ್ತೀರಿ" ಎಂದು ಹೆದರಿಸಿ ಯಂತ್ರ ಮಾರುತ್ತಾರೆ. ಮೀಟರ್ ಅಳೆಯುವುದು ನೀರು ಎಷ್ಟು ವಿದ್ಯುತ್ ಹರಿಸುತ್ತದೆ ಎಂಬುದನ್ನು ಮಾತ್ರ. ಕರಗಿದ ಲವಣ ಎಷ್ಟು ಎಂಬ ಅಂದಾಜು ಅದು. ಗಡಸುತನ ಎಷ್ಟು, ಫ್ಲೋರೈಡ್ ಎಷ್ಟು, ಸೂಕ್ಷ್ಮಾಣು ಇದೆಯೋ ಇಲ್ಲವೋ ಎಂಬುದು ಅದಕ್ಕೆ ತಿಳಿಯದು. ಗಟಾರ ಸೇರಿದ ನೀರು 400 ತೋರಿಸಬಹುದು, ರೋಗವಿಲ್ಲದ ಬೋರ್ ನೀರು 900 ತೋರಿಸಬಹುದು.

ಆದರೆ ಎರಡು ನೀರು ಎಲ್ಲಿ ಬೆರೆಯುತ್ತಿವೆ ಎಂದು ಪತ್ತೆ ಮಾಡಲು ಇದಕ್ಕಿಂತ ಒಳ್ಳೆಯ ಸಾಧನ ಮನೆಯಲ್ಲಿಲ್ಲ. ಲೆಕ್ಕಕ್ಕೆ ಹೀಗೆ ಹಿಡಿಯಿರಿ: ಸಂಪಿನ ನೀರು 400, ಬೋರ್ 1400, ಅಡುಗೆಮನೆ ನಳ 900. ಸಂಪಿಗಿಂತ ಅಡುಗೆಮನೆ 500 ಹೆಚ್ಚು, ಬೋರ್ 1000 ಹೆಚ್ಚು. ಹಾಗಾದರೆ ಅಡುಗೆಮನೆಗೆ ಬರುತ್ತಿರುವುದರಲ್ಲಿ ಅರ್ಧ ಬೋರಿನದು. ಬೆಳಗ್ಗೆ, ಸಂಜೆ ಅಳೆದು ಅಂಕಿ ಏರಿಳಿದರೆ ಬೆರಕೆ ಇದೆ ಎಂಬುದು ಇನ್ನೂ ಖಾತ್ರಿ. ಒಂದೇ ಮೂಲದ ನೀರಿನ ಅಂಕಿ ಒಂದೇ ದಿನದಲ್ಲಿ ಹಾಗೆ ಕುಣಿಯುವುದಿಲ್ಲ.

ವಾಲ್ವು

ವೈನಿ ಮನೆಯ ಮಾಳಿಗೆಯಲ್ಲಿ ಎರಡು ಕರಿ ಟಾಕಿ. ಚಿಕ್ಕದಕ್ಕೆ ಸಂಪಿನಿಂದ ನೀರು, ಅದು ಅಡುಗೆಮನೆಗೆ. ದೊಡ್ಡದಕ್ಕೆ ಬೋರ್, ಅದು ಬಚ್ಚಲಿಗೆ. ಎರಡರ ತಳ ಸೇರಿಸುವ ಒಂದು ಮೊಳದ ಪೈಪು, ನಡುವೆ ಗೇಟ್ ವಾಲ್ವು. "ನಳ ಬರದಿದ್ದಾಗ ಬೇಕಾಗ್ತದ ಅಂತ ಹಾಕಿಸಿದ್ದು, ಯಾವಾಗ್ಲೂ ಬಂದೇ ಇರ್ತದ" ಎಂದರು ಯಜಮಾನರು. ಚಕ್ರ ತಿರುಗಿಸಿ ನೋಡಿದರೆ ಬಂದಾಗಿಯೇ ಇತ್ತು, ಕೈಗೆ ಗಟ್ಟಿ ಸಿಕ್ಕಿತು.

ಕೈಗೆ ಸಿಕ್ಕ ಗಟ್ಟಿಯನ್ನು ನಂಬಬಾರದು. ರಾತ್ರಿ ಎಲ್ಲರೂ ಮಲಗಿದ ಮೇಲೆ ಎರಡೂ ಟಾಕಿಗೆ ನೀರು ಬರುವ ದಾರಿ, ಹೋಗುವ ದಾರಿ ಮುಚ್ಚಿಸಿದೆ. ದೊಡ್ಡ ಟಾಕಿ ತುಂಬಾ, ಚಿಕ್ಕದು ಅರ್ಧ. ಎರಡರಲ್ಲೂ ಒಂದೊಂದು ಉದ್ದ ಕೋಲು ಇಳಿಸಿ ನೀರಿನ ಮಟ್ಟಕ್ಕೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದೆವು. ಬೆಳಗ್ಗೆ ಐದಕ್ಕೆ ನೋಡಿದರೆ ಚಿಕ್ಕ ಟಾಕಿಯ ನೀರು ಗೆರೆಗಿಂತ ಒಂದು ಗೇಣು ಮೇಲೆ. ಯಾರೂ ತುಂಬಿಸಿರಲಿಲ್ಲ.

ಪ್ಲಂಬರ್ ಹುಡುಗ ವಾಲ್ವು ಬಿಚ್ಚಿ ಅಂಗೈಯಲ್ಲಿಟ್ಟ. ಗೇಟು ಕೂರುವ ತೋಡಿನ ತುಂಬಾ ಬಿಳಿ ಕಲ್ಲು ಕಟ್ಟಿತ್ತು, ಮೊಟ್ಟೆಯ ಚಿಪ್ಪು ಪದರ ಪದರವಾಗಿ ಅಂಟಿದ ಹಾಗೆ. ಗೇಟು ಆ ಕಲ್ಲಿನ ಮೇಲೆ ಕೂತು ನಿಂತಿತ್ತು, ಕೆಳಗೆ ಸಣ್ಣ ಸಂದು. ಗಡಸು ನೀರನ್ನು ತಡೆಯಲೆಂದು ಹಾಕಿದ ವಾಲ್ವನ್ನು ಗಡಸು ನೀರೇ ಕೆಡಿಸಿತ್ತು. ಹೊಸ ಬಾಲ್ ವಾಲ್ವು ಹಾಕುತ್ತೇನೆಂದ. ಬೇಡ ತಮ್ಮ, ಪೈಪನ್ನೇ ಕತ್ತರಿಸಿ ಎರಡೂ ಕಡೆ ಮುಚ್ಚಳ ಹಾಕು ಎಂದೆ. ಕುಡಿಯುವ ನೀರು ಮತ್ತು ಬಳಕೆ ನೀರಿನ ನಡುವೆ ವಾಲ್ವು ಇರಬಾರದು, ಗಾಳಿ ಇರಬೇಕು.

ಬೇರೆ ಮನೆಗಳಲ್ಲಿ ಇದೇ ಬೆರಕೆ ಸಂಪಿನಲ್ಲೇ ಸಿಕ್ಕಿತು. ಬೋರಿನ ಪೈಪು ಸಂಪಿನ ಪೈಪಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಸೇರಿಸಿದ್ದು, ನಡುವೆ ನೀರು ಹಿಂದಕ್ಕೆ ಹರಿಯದಂತೆ ತಡೆಯುವ ಎನ್‌ಆರ್‌ವಿ ಇಲ್ಲದ್ದು. ಹುಡುಕುವ ಬಗೆ ಅದೇ, ಗೆರೆ ಹಾಕಿ ರಾತ್ರಿ ಬಿಡುವುದು. ಗೆರೆಗಿಂತ ಕೆಳಗಿಳಿದರೆ ಸಂಪು ಬಿರುಕು ಬಿಟ್ಟಿದೆ. ನೀರು ಹೊರಗೆ ಹೋಗುವ ದಾರಿಯಲ್ಲೇ ಮಳೆಗಾಲದಲ್ಲಿ ಕೊಳೆ ಒಳಗೂ ಬರುತ್ತದೆ.

ಗಡಸುತನವಲ್ಲದ ದೂರುಗಳು

ನೀರು ಹಾಲಿನಂತೆ ಬಿಳಿಯಾಗಿದೆ ಎಂದು ಹೆದರುವವರು ಬಹಳ. ಗಾಜಿನ ಲೋಟದಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಇಡಿ. ತಳದಿಂದ ಮೇಲಕ್ಕೆ ತಿಳಿಯಾಗುತ್ತ ಬಂದರೆ ಅದು ಗಾಳಿ, ಖಾಲಿ ಪೈಪಿನಲ್ಲಿ ನೀರು ನುಗ್ಗುವಾಗ ಸೇರಿದ್ದು. ಕುಡಿಯಲು ತೊಂದರೆ ಇಲ್ಲ. ಮೇಲಿನಿಂದ ಕೆಳಕ್ಕೆ ತಿಳಿಯಾದರೆ ಮಣ್ಣು. ಭೀಮೆಗೆ ಹೊಸ ನೀರು ಬಂದಾಗ ಇದು ಹೆಚ್ಚು.

ಹಿಡಿದಾಗ ತಿಳಿ, ಒಂದು ಗಂಟೆ ತೆರೆದಿಟ್ಟರೆ ಕೆಂಪು: ಬೋರಿನಲ್ಲಿ ಕರಗಿದ ಕಬ್ಬಿಣ. ಬೆಳಗಿನ ಮೊದಲ ಚೊಂಬು ಮಾತ್ರ ಕೆಂಪು: ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ತುಕ್ಕು. ಬ್ಲೀಚಿಂಗ್ ವಾಸನೆ ಬಂದರೆ ಬೇಸರ ಬೇಡ. ನಳದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎಂಬುದೇ ಮಾನಕ.

ಬೋರ್ ನೀರನ್ನೇ ಕುಡಿಯುವ ಮನೆಗಳಿಗೆ ಒಂದು ಮಾತು. ಕಲಬುರಗಿ, ಯಾದಗಿರಿ ಜಿಲ್ಲೆಗಳ ಕೆಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್, ನೈಟ್ರೇಟ್ ಹೆಚ್ಚಿದೆ. ಎರಡಕ್ಕೂ ಬಣ್ಣ, ವಾಸನೆ, ರುಚಿ ಇಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಾಢವಾಗುತ್ತವೆ. ಲೀಟರಿಗೆ ಫ್ಲೋರೈಡಿನ ಮಿತಿ 1.5, ನೈಟ್ರೇಟಿನದು 45 ಮಿಲಿಗ್ರಾಂ. ಬಾಟಲಿ ಹಾಲಿನ ಕೂಸಿರುವ ಮನೆಯಲ್ಲಿ ನೈಟ್ರೇಟ್ ತಿಳಿಯದೆ ಬೋರ್ ನೀರಲ್ಲಿ ಹಾಲು ಕಲಸಬೇಡಿ. ಜಿಲ್ಲಾ ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ. ಸೂಕ್ಷ್ಮಾಣು ಪರೀಕ್ಷೆಗೆ ಅವರೇ ಕೊಡುವ ಬಾಟಲಿ ಬಳಸಿ, ಅಂದೇ ತಲುಪಿಸಿ.

ಯಂತ್ರ ಬೇಕೇ?

ದೋಷ ಎಲ್ಲಿದೆ ಎಂದು ಗೊತ್ತಾದ ಮೇಲೆ ಈ ಪ್ರಶ್ನೆಗೆ ಉತ್ತರ ಸುಲಭ. ಬಚ್ಚಲಿನ ಗೀಸರ್, ವಾಷಿಂಗ್ ಮಷಿನ್ ಉಳಿಸಬೇಕೆಂದರೆ ಆ ಪೈಪಿಗೆ ಮಾತ್ರ ಸಾಫ್ಟನರ್. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ: ಲೀಟರಿಗೆ 100 ಮಿಲಿಗ್ರಾಂ ಗಡಸುತನ ತೆಗೆದರೆ 46 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಬಿಪಿ ಇರುವವರು ಆ ನೀರನ್ನು ಕುಡಿಯಬಾರದು. ಸಾಫ್ಟನರ್ ಹಾಕಿದ ಮೇಲೆ ಟಿಡಿಎಸ್ ಇಳಿಯಲಿಲ್ಲವೆಂದು ಜಗಳಕ್ಕೆ ಹೋಗಬೇಡಿ, ಇಳಿಯುವುದಿಲ್ಲ. ಸೋಪಿನಿಂದಲೇ ಪರೀಕ್ಷಿಸಿ.

ಆರ್‌ಒ ಬೇಕಾಗುವುದು ಬೋರ್ ನೀರನ್ನೇ ಕುಡಿಯುವ ಅನಿವಾರ್ಯ ಇದ್ದಾಗ. ನಳದ ನೀರಿನ ಟಿಡಿಎಸ್ 500ರ ಒಳಗಿದ್ದರೆ ಅದಕ್ಕೆ ಆರ್‌ಒ ಹಾಕುವುದು ವ್ಯರ್ಥ. ಹಾಗಿರುವಲ್ಲಿ ಅದನ್ನು ನಿಷೇಧಿಸಬೇಕೆಂದು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಹೇಳಿತ್ತು. ನೀರಿಗಾಗಿ ಕೊಡ ಹಿಡಿದು ಕಾಯುವ ಊರಿನಲ್ಲಿ ಒಂದು ಲೋಟ ಕುಡಿಯಲು ಎರಡು ಮೂರು ಲೋಟ ಗಟಾರಕ್ಕೆ ಬಿಡುವುದು ನನಗೆ ಸಂಕಟದ ವಿಷಯ. ನಳದ ನೀರಿಗೆ ಬೇಕಾದದ್ದು ಸೋಸುವುದು, ಕುದಿಸುವುದು ಅಥವಾ ಕ್ಲೋರಿನ್. ಸಂಪಿಗೆ 1000 ಲೀಟರಿಗೆ 2.5 ಗ್ರಾಂ ಒಳ್ಳೆಯ ಬ್ಲೀಚಿಂಗ್ ಪೌಡರ್ ಸಾಕು. ಬಕೆಟ್ಟಿನಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿ ಮಾತ್ರ ಸುರಿಯಿರಿ, ಒಂದು ಗಂಟೆ ಕಾಯಿರಿ. ತಳದ ಬಿಳಿ ಚರಟ ಸುಣ್ಣ. ಅದನ್ನೂ ಸುರಿದರೆ ಗಡಸುತನವನ್ನು ನೀವೇ ಹಾಕಿದಂತೆ.

ವೈನಿ ಮನೆಯ ಚಿಕ್ಕ ಟಾಕಿಯನ್ನು ಪೂರ್ತಿ ಖಾಲಿ ಮಾಡಿ, ತೊಳೆದು, ಸಂಪಿನ ನೀರು ತುಂಬಿಸಿದೆವು. ಅಡುಗೆಮನೆ ನಳದ ಮೀಟರ್ ಅಂಕಿ ಎರಡು ದಿನದಲ್ಲಿ ಸಂಪಿನ ಅಂಕಿಗೆ ಬಂದು ನಿಂತಿತು. ಮೂರನೆಯ ದಿನ ಒಂದು ಬಟ್ಟಲು ಪಪ್ಪು ಬಂತು, ಬ್ಯಾಳಿ ಕಾಣದಷ್ಟು ನುಣ್ಣಗೆ. ಮಗ ಟಾಕಿಗಳ ಮೇಲೆ ಬಿಳಿ ಬಣ್ಣದಲ್ಲಿ "ಕುಡಿಯೋ ನೀರು", "ಬೋರ್" ಎಂದು ಬರೆದಿದ್ದಾನೆ, ಮುಂದೆ ಬರುವ ಪ್ಲಂಬರ್ ಎರಡನ್ನೂ ಮತ್ತೆ ಸೇರಿಸದಿರಲಿ ಎಂದು.